ಬಾಯಿ ಕ್ಯಾನ್ಸರ್‌ಗೆ ರೇಡಿಯೇಶನ್: ಹಳೆಯ ಬೆಳ್ಳಿ ಫಿಲ್ಲಿಂಗ್ ತೆಗೆಸಬೇಕಾ?

ವಿಜಯನಗರ_ವಾಸಿ:
ನಮ್ಮ ತಂದೆಗೆ 61 ವರ್ಷ, ಎಡಗೆನ್ನೆ ಒಳಭಾಗದ ಕ್ಯಾನ್ಸರ್. ಆಪರೇಶನ್ ಆಗಿದೆ, ಈಗ ಕರೆಂಟ್ (ರೇಡಿಯೇಶನ್) ಕೊಡಬೇಕು ಅಂದಿದ್ದಾರೆ, 30 ಸಲ, ಒಟ್ಟು 60 ಗ್ರೇ ಡೋಸ್. ಅದೇ ಕಡೆ ಕೆಳದವಡೆಯಲ್ಲಿ ಮೂರು ಬೆಳ್ಳಿ ಫಿಲ್ಲಿಂಗ್, ಒಂದು ಮೆಟಲ್ ಕ್ಯಾಪ್ ಇದೆ. ಲೋಹ ಇದ್ದರೆ ಬಾಯಿ ಸುಡುತ್ತೆ, ಆ ಹಲ್ಲೆಲ್ಲ ಕೀಳಿಸಿಬಿಡಿ ಅಂತಾರೆ ನೆಂಟರು. ಕರೆಂಟ್ ಪ್ಲಾನ್ ಮಾಡೋಕೆ ತೆಗೆಯುವ ಸಿಟಿ ಸ್ಕ್ಯಾನ್ ಇನ್ನೂ ಆಗಿಲ್ಲ. ಏನು ಮಾಡೋದು?

ರೇಡಿಯೇಶನ್_ಫಿಸಿಸಿಸ್ಟ್:
ಲೋಹ ಇದೆ ಅನ್ನೋ ಒಂದೇ ಕಾರಣಕ್ಕೆ ಕೀಳಿಸಬೇಡಿ. ಸಿಟಿಗೆ ಮುಂಚೆ ಕೇಳಿದ್ದು ಒಳ್ಳೆಯದಾಯ್ತು, ಮಾಡಬೇಕಾದ್ದೆಲ್ಲ ತಲೆ ಅಲ್ಲಾಡದಂತೆ ಹಿಡಿಯುವ ಮಾಸ್ಕ್ ತಯಾರಾಗುವ ಮೊದಲೇ ಆಗಬೇಕು.

ತೊಂದರೆ ಎರಡು ಥರದ್ದು. ಒಂದು, ಚಿತ್ರದ್ದು. ಬೆಳ್ಳಿ ಫಿಲ್ಲಿಂಗ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರ. ಸಿಟಿಯ ಎಕ್ಸ್-ರೇ ಇದನ್ನು ದಾಟಲಾರದೆ ಹಲ್ಲಿನ ಮಟ್ಟದ ಸ್ಲೈಸ್‌ಗಳಲ್ಲಿ ಕಪ್ಪು-ಬಿಳಿ ಗೆರೆಗಳು ಹರಡಿಬಿಡುತ್ತವೆ. ಕೆನ್ನೆ, ನಾಲಿಗೆಯ ಅಂಚು ಸರಿಯಾಗಿ ಕಾಣದೆ ಕಿರಣ ಎಲ್ಲಿಗೆ ಬೀಳಬೇಕು ಅಂತ ಡಾಕ್ಟರ್‌ಗೆ ಗುರುತು ಹಾಕೋದು ಕಷ್ಟ. ಡೋಸ್ ಲೆಕ್ಕವೂ ತಪ್ಪುತ್ತೆ: ಕಪ್ಪು ಗೆರೆ ಗಾಳಿಯಂತೆ, ಬಿಳಿ ಗೆರೆ ಮೂಳೆಯಂತೆ ಕಂಪ್ಯೂಟರ್‌ಗೆ ಕಾಣುತ್ತೆ. ಮಾಮೂಲಿ 12-ಬಿಟ್ ಚಿತ್ರದಲ್ಲಿ ಸಾಂದ್ರತೆ ತೋರಿಸುವ ಸಿಟಿ ಸಂಖ್ಯೆ ಗರಿಷ್ಠ 3071ಕ್ಕೆ ನಿಂತುಬಿಡುವುದರಿಂದ ಲೋಹದ ನಿಜವಾದ ಸಾಂದ್ರತೆಯೂ ಸಿಗಲ್ಲ. ಅದಕ್ಕೆ ಗೆರೆ ತಗ್ಗಿಸುವ ಸಾಫ್ಟ್‌ವೇರ್ ಬಳಸುತ್ತಾರೆ, ಎಂಆರ್‌ಐ ಜೋಡಿಸುತ್ತಾರೆ, ಗೆರೆ ಬಿದ್ದ ಮಾಂಸದ ಭಾಗಕ್ಕೆ ನೀರಿನ ಸಾಂದ್ರತೆಯನ್ನು ಕೈಯಾರೆ ಕೊಡುತ್ತಾರೆ. ಇದು ನಮ್ಮ ಕೆಲಸ, ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ.

ನೆಂಟರು ಹೇಳಿದ "ಸುಡುತ್ತೆ" ಅನ್ನೋದು ಎರಡನೆಯದು. ಲೋಹ ಬಿಸಿಯಾಗಿ ಸುಡೋದಿಲ್ಲ. ಕಿರಣ ಲೋಹಕ್ಕೆ ಬಡಿದಾಗ ಎಲೆಕ್ಟ್ರಾನ್‌ಗಳು ಹಿಂದಕ್ಕೆ ಚಿಮ್ಮಿ, ಫಿಲ್ಲಿಂಗ್‌ಗೆ ಅಂಟಿಕೊಂಡ ಕೆನ್ನೆ, ನಾಲಿಗೆ ಅಂಚಿಗೆ ಹೆಚ್ಚು ಡೋಸ್ ಬೀಳುತ್ತೆ. ಹುಣ್ಣು ಅಲ್ಲೇ ಜೋರಾಗುತ್ತೆ. ಇದರ ಪ್ರಭಾವ ಕೆಲವೇ ಮಿಲಿಮೀಟರ್ ದೂರ. ಆದ್ದರಿಂದ ಹಲ್ಲಿಗೂ ಕೆನ್ನೆಗೂ ನಡುವೆ 3ರಿಂದ 5 ಮಿ.ಮೀ. ದಪ್ಪದ ಅಕ್ರಿಲಿಕ್ ಅಥವಾ ಮೆತ್ತನೆ ಪ್ಲಾಸ್ಟಿಕ್ ಗಾರ್ಡ್ ಇಟ್ಟರೆ ಆ ಎಲೆಕ್ಟ್ರಾನ್ ಗಾರ್ಡ್‌ನಲ್ಲೇ ಉಳಿಯುತ್ತೆ.

ದಂತವೈದ್ಯೆ_ಬಸವನಗುಡಿ:
ಹಲ್ಲಿನ ಕಡೆಯಿಂದ ಹೇಳ್ತೀನಿ. ಅಂಚು ಗಟ್ಟಿಯಾಗಿರುವ, ಕೆಳಗೆ ಹುಳುಕಿಲ್ಲದ ಫಿಲ್ಲಿಂಗ್ ಮುಟ್ಟಬೇಡಿ. ಆಳವಾದ ಹಳೆ ಫಿಲ್ಲಿಂಗ್ ಕೊರೆದರೆ ನರ ತೆರೆದುಕೊಂಡು ರೂಟ್ ಕೆನಾಲ್‌ಗೆ ಹೋಗಬಹುದು. ಆಪರೇಶನ್ ಆದ ಮೇಲೆ 6 ವಾರದೊಳಗೆ ಕರೆಂಟ್ ಶುರುವಾಗಬೇಕು, ಆ ಗಡುವನ್ನು ಇದಕ್ಕಾಗಿ ಕಳೆದುಕೊಳ್ಳಬಾರದು.

ಸಡಿಲವಾದ, ಕೆಳಗೆ ಹುಳುಕು ಹಿಡಿದ, ಅಂಚು ಚೂಪಾಗಿ ಕೆನ್ನೆಗೆ ಉಜ್ಜುವ ಫಿಲ್ಲಿಂಗ್ ಇದ್ದರೆ ಬದಲಾಯಿಸಿ. ಆಗ ಕಾಂಪೋಸಿಟ್ (ಹಲ್ಲಿನ ಬಣ್ಣದ, ಲೋಹವಿಲ್ಲದ ಫಿಲ್ಲಿಂಗ್) ಹಾಕಿಸಿ. ಕರೆಂಟ್‌ನಿಂದ ಜೊಲ್ಲು ಒಣಗಿದ ಬಾಯಲ್ಲಿ ಗ್ಲಾಸ್ ಅಯನೋಮರ್ ಅನ್ನೋ ಇನ್ನೊಂದು ಥರದ ಫಿಲ್ಲಿಂಗ್ ಬೇಗ ಸವೆಯುತ್ತೆ.

ನಿಜವಾಗಿ ಕೀಳಬೇಕಾದ್ದು ಉಳಿಯಲಾರದ ಹಲ್ಲು: ಮುರಿದ ಬೇರು, ಒಸಡು ಪೂರ್ತಿ ಬಿಟ್ಟ ದವಡೆಹಲ್ಲು. ಕಿತ್ತ ಜಾಗ ಮಾಯಲು ಕನಿಷ್ಠ 10ರಿಂದ 14 ದಿನ ಬೇಕು, ಹಾಗಾಗಿ ಈ ವಾರವೇ ತೋರಿಸಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅಥವಾ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜಿನಲ್ಲಿ ವಿಚಾರಿಸಿ. ಒಮ್ಮೆ ಕರೆಂಟ್ ಆದ ದವಡೆಯಲ್ಲಿ ಹಲ್ಲು ಕೀಳಿಸಿದರೆ ರಕ್ತ ಸಂಚಾರ ಕಡಿಮೆ ಇರೋದರಿಂದ ಗಾಯ ಮಾಯದೆ ಮೂಳೆ ಸಾಯುವ ಅಪಾಯ ಇದೆ, ಅದು ವರ್ಷಗಳಾದರೂ ಹೋಗಲ್ಲ.

ವಿಜಯನಗರ_ವಾಸಿ:
ಆಪರೇಶನ್ ಆದಮೇಲೆ ಬಾಯಿ ಎರಡು ಬೆರಳಷ್ಟೂ ತೆರೆಯಲ್ಲ ಮೇಡಂ. ಗಾರ್ಡ್ ಹಾಕಕ್ಕಾಗುತ್ತಾ?

ದಂತವೈದ್ಯೆ_ಬಸವನಗುಡಿ:
ಎಡಗಡೆ ಕೆಳಸಾಲಿಗೆ ಮಾತ್ರ ಕೂರುವ ತೆಳು ಗಾರ್ಡ್ ಮಾಡಬಹುದು. ಅಳತೆ ತೆಗೆಯೋಕೆ ಚಿಕ್ಕ ಟ್ರೇ ಬಳಸಲು ಮೊದಲೇ ಹೇಳಿ. ಅದೂ ಆಗದಿದ್ದರೆ ಬಲವಂತ ಬೇಡ, ಫಿಸಿಸಿಸ್ಟ್‌ಗೆ ತಿಳಿಸಿ.

ರೇಡಿಯೇಶನ್_ಫಿಸಿಸಿಸ್ಟ್:
ಹೌದು, ಕಿರಣದ ಕೋನ ಬದಲಿಸಿ ಸ್ವಲ್ಪ ತಗ್ಗಿಸಬಹುದು. ಗಾರ್ಡ್ ಮಾಡಿಸಿದರೆ ಅದನ್ನು ಹಾಕಿಕೊಂಡೇ ಮಾಸ್ಕ್, ಹಾಕಿಕೊಂಡೇ ಸಿಟಿ, ಹಾಕಿಕೊಂಡೇ 30 ಸಲವೂ ಟ್ರೀಟ್‌ಮೆಂಟ್. ಒಂದು ದಿನ ಮರೆತು ಬಂದರೆ ದವಡೆಯ ಸ್ಥಾನವೇ ಬದಲಾಗಿರುತ್ತೆ, ಟೆಕ್ನಿಷಿಯನ್‌ಗೆ ತಕ್ಷಣ ಹೇಳಿ. ಬಳಸದಾಗ ಅಕ್ರಿಲಿಕ್ ಗಾರ್ಡನ್ನು ತಣ್ಣೀರಲ್ಲಿ ಇಡಿ, ಬಿಸಿನೀರಿಗೆ ಆಕಾರ ಕೆಡುತ್ತೆ. ತೆಗೆದು ಹಾಕುವ ಹಲ್ಲುಸೆಟ್ಟು ಇದ್ದರೆ ಪ್ರತಿ ಸಲವೂ ತೆಗೆದಿಡಿ.