ಹದೀಸ್, ವಾರಸಾ ಲೆಕ್ಕಕ್ಕೆ ಎಐ: ಹುಡುಗರಿಗೆ ಹೆಂಗ ಕಲಿಸೋದು?

ಹಳೇಹುಬ್ಬಳ್ಳಿ_ಮುದರ್ರಿಸ್:
ಅಸ್ಸಲಾಮು ಅಲೈಕುಮ್. ಸಂಜೆ ಮದರಸಾದ ದೊಡ್ಡ ಹುಡುಗರು ಹದೀಸ್ (ಪ್ರವಾದಿಯವರ ನುಡಿ-ನಡೆ) ಅರ್ಥ, ವಾರಸಾ (ತೀರಿಕೊಂಡವರ ಆಸ್ತಿ) ಪಾಲು ಎಲ್ಲಾ ಎಐಗೇ ಕೇಳಾಕತ್ತಾರ. ಬ್ಯಾಡ ಅನ್ನೋಕಿಂತ ಸರಿಯಾಗಿ ಬಳಸೋದು ಕಲಿಸಬೇಕಂತೀನಿ. ಎಲ್ಲೆಲ್ಲಿ ಎಚ್ಚರ ಬೇಕ್ರಿ?

ಧಾರವಾಡ_ತಾಲಿಬ್:
ವ ಅಲೈಕುಮುಸ್ಸಲಾಮ್ ಉಸ್ತಾದ್‌ರ. ಎಐ ಹೇಳೋ ಹದೀಸ್ ನಂಬರ್ ಹಂಗ ಬರಕೋಬಾರದ್ರಿ. ಅದು ಮುಂದಿನ ಪದ ಊಹಿಸ್ತೈತಿ, ಹಿಂಗಾಗಿ ಇಲ್ಲದ ನಂಬರನ್ನೂ ಧೈರ್ಯವಾಗಿ ಕೊಡ್ತೈತಿ. 'ಚೀನಾಕ್ಕಾದರೂ ಹೋಗಿ ವಿದ್ಯೆ ಕಲಿಯಿರಿ' ಅನ್ನೋದು ಸಿಹಾಹ್ ಸಿತ್ತಾ ಅನ್ನೋ ಆರು ಮುಖ್ಯ ಹದೀಸ್ ಕಿತಾಬಿನೊಳಗ ಇಲ್ಲ. ಹದೀಸ್ ವಿದ್ವಾಂಸ ಇಬ್ನುಲ್ ಜೌಝೀ ಅದನ್ನ ಮೌಝೂ, ಅಂದ್ರ ಕಟ್ಟಿದ್ದು, ಅಂತ ಸೇರಿಸ್ಯಾರ. ಅರಬಿ ಮತನ್‌ನ (ಹದೀಸಿನ ಮೂಲ ಮಾತಿನ) ನಾಲ್ಕು ಪದ ಹಿಡಿದು ಮೂಲ ಕಿತಾಬಿನೊಳಗ ಹುಡುಕಿಸ್ರಿ. ಆಮೇಲೆ ಸನದ್ (ಯಾರಿಂದ ಯಾರಿಗೆ ಬಂತು ಅನ್ನೋ ಸರಪಳಿ), ಮುಹದ್ದಿಸರ (ಹದೀಸ್ ವಿದ್ವಾಂಸರ) ತೀರ್ಪು ನೋಡಿಸ್ರಿ. ಮುದ್ರಣಕ್ಕೊಂದು ನಂಬರ್ ಇರೋದ್ರಿಂದ ಬಾಬ್ (ಅಧ್ಯಾಯ) ಹೆಸರೂ ಬರೆಸ್ರಿ.

ಹಾವೇರಿ_ಫರಾಯಿಜ್:
ವಾರಸಾದಾಗ ಔಲ್ (ಪಾಲೆಲ್ಲಾ ಕೂಡಿ ಒಂದಕ್ಕಿಂತ ಹೆಚ್ಚಾಗೋದು) ಬಂದಲ್ಲಿ ನೋಡ್ರಿ. ತೀರಿಕೊಂಡಾಕಿಗೆ ಗಂಡ, ತಾಯಿ, ಇಬ್ಬರು ಹೆಣ್ಮಕ್ಕಳು: 1/4, 1/6, 2/3. 12 ಪಾಲು ಮಾಡಿದ್ರ 3+2+8 ಕೂಡಿ 13 ಆಗ್ತಾವ. ಆಗ ಸುನ್ನಿ ಕಾಯ್ದೆ ಪ್ರಕಾರ ಛೇದ 13ಕ್ಕ ಏರಿಸಿ ಎಲ್ಲರ ಪಾಲೂ ಅದೇ ಪ್ರಮಾಣದಾಗ ಇಳಿಸಬೇಕು. 12ರಾಗ ನಿಲ್ಲಿಸಿ ಹೆಣ್ಮಕ್ಕಳದ್ದಷ್ಟ ಕಡಿಮೆ ಮಾಡಿದ ಉತ್ತರ ಆ ಪ್ರಕಾರ ಪೂರಾ ತಪ್ಪು, ಇದು ಅವರ ಹಕ್ಕಿನ ಮಾತು! ಕಫನ್-ದಫನ್ ಖರ್ಚು, ಸಾಲ, ಮೂರನೇ ಒಂದರೊಳಗಿನ ವಸಿಯ್ಯತ್ (ಉಯಿಲು) ಮೊದಲ ಕಳೀಬೇಕು. ತಂದಿ, ಗಂಡುಮಗ ಇದ್ದಾರೇನು ಅಂತ ಕೇಳದ ಪಾಲು ಹೇಳಿದ್ರ ಅಲ್ಲೇ ನಿಲ್ಲಿಸ್ರಿ.

ಗದಗ_ನಹ್ವ್:
ಸರ್ಫ್ (ಅರಬಿ ಪದರೂಪ) ರೂಢಿಗೆ, ಪ್ರಶ್ನೆಪತ್ರಿಕೆಗೆ ಚಲೋ ಐತ್ರಿ. ಆಯತ್ (ಕುರ್‌ಆನ್ ವಚನ) ಮಾತ್ರ ಮುಸ್‌ಹಫ್ (ಕುರ್‌ಆನ್ ಪ್ರತಿ) ನೋಡಿಯೇ ಬರೆಸ್ರಿ; ಪೇಶ್ ಇರೋ ಕಡೆ ಝಬರ್ (ಎರಡೂ ಸ್ವರಚಿಹ್ನೆ) ಬಿದ್ರ ಕರ್ತೃ ಹೋಗಿ ಕರ್ಮ ಆಗ್ತೈತಿ. ಫತ್ವಾ ಮುಫ್ತಿ ಸಾಹೇಬರ ಹತ್ರನ ಕೇಳಬೇಕು.