ಸಿಗರೇಟ್ ಕಂಪೆನಿಗಳು ನಮ್ಮಂಥ ದೇಶಗಳಲ್ಲಿ ಆರೋಗ್ಯದ ಪ್ರಶ್ನೆಗೆ ಏನು ಉತ್ತರ ಕೊಡುತ್ತಿದ್ದವು?

ಪೆರ್ಲದ ಓದುಗಿ:

ಎಲ್ಲರಿಗೂ ನಮಸ್ಕಾರ. ಮೇ 31ಕ್ಕೆ ನಮ್ಮ ವಾಚನಾಲಯದಲ್ಲಿ ತಂಬಾಕು ವಿರೋಧಿ ದಿನದ ಕಾರ್ಯಕ್ರಮ ಉಂಟು. ಹತ್ತು ನಿಮಿಷ ಮಾತಾಡಲು ನನಗೆ ಹೇಳಿದ್ದಾರೆ. "ಎಳೆಯಬೇಡಿ, ಕ್ಯಾನ್ಸರ್ ಬರುತ್ತದೆ" ಅಂತ ಹೇಳಿ ಕೂತರೆ ಯಾರು ಕೇಳುತ್ತಾರೆ? ಅದು ಎಲ್ಲರಿಗೂ ಗೊತ್ತು. ನನಗೆ ಬೇರೆ ವಿಷಯ ಬೇಕು.

ಇಂಗ್ಲೆಂಡಿನಲ್ಲಿ 1950ರಲ್ಲೇ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧ ಉಂಟೆಂದು ಡಾಕ್ಟರುಗಳು ಬರೆದರು. 1964ರಲ್ಲಿ ಅಮೆರಿಕದ ಸರಕಾರವೇ ಹೇಳಿತು. ಅಷ್ಟಾದ ಮೇಲೂ ಅದೇ ಕಂಪೆನಿಗಳು ಏಷ್ಯಾ, ಆಫ್ರಿಕಾದಲ್ಲಿ ಎಂತ ಹೇಳಿಕೊಂಡು ಮಾರಿದವು? ಆರೋಗ್ಯದ ಬಗ್ಗೆ ಕೇಳಿದವರಿಗೆ ಏನು ಹೇಳಿದವು?

ನನ್ನ ಸೋದರಮಾವ ಹೇಳುವುದು, "ಅದೆಲ್ಲ ಫಾರಿನ್ ಕಥೆ. ನಮ್ಮಲ್ಲಿರುವುದು ಬೀಡಿ, ಎಲೆಯಡಿಕೆ. ಕಾಸರಗೋಡಿಗೂ ಅದಕ್ಕೂ ಎಂತ ಸಂಬಂಧ?" ಅಮ್ಮ ಬೀಡಿ ಕಟ್ಟಿಯೇ ನನ್ನನ್ನು ಓದಿಸಿದ್ದು. ಹಾಗಾಗಿ ನನಗೂ ಬಾಯಿ ಬರಲಿಲ್ಲ. ಗೊತ್ತಿರುವವರು ಹೇಳ್ತೀರಾ?

ಹಳೇ ಸೇಲ್ಸ್‌ಮ್ಯಾನ್, ಕುಂಬಳೆ:

ತಂಗೀ, ನಾನು ಎಂಬತ್ತರ ದಶಕದ ಕೊನೆಯಿಂದ ಸುಮಾರು ವರ್ಷ ಸಿಗರೇಟಿನ ಸ್ಟಾಕಿಸ್ಟ್ ಒಬ್ಬರ ಕೈಕೆಳಗೆ ಲೈನ್ ಮಾಡಿದವನು, ಅಂದರೆ ಅಂಗಡಿ ಅಂಗಡಿಗೆ ಹೋಗಿ ಸಾಮಾನು ಹಾಕಿದವನು. ತಲಪಾಡಿಯಿಂದ ಹೊಸದುರ್ಗದವರೆಗೆ ಒಂದು ಲೈನ್, ಬದಿಯಡ್ಕ–ಮುಳ್ಳೇರಿಯ ಇನ್ನೊಂದು. ಕಂಪೆನಿಯ ಹೆಸರು ಕೇಳಬೇಡಿ.

ಮೊದಲು ನೇರ ಉತ್ತರ. ಆರೋಗ್ಯದ ಮಾತು ತಾವಾಗಿ ಎತ್ತುತ್ತಲೇ ಇರಲಿಲ್ಲ. ಮಂಗಳೂರಿನಲ್ಲಿ ಮೀಟಿಂಗ್ ಆದರೆ ಯಾವ ಬ್ರಾಂಡ್ ನಿಧಾನ ಹೋಗ್ತಾ ಉಂಟು, ಯಾವ ಗೂಡಂಗಡಿಗೆ ಹೊಸ ಬೋರ್ಡ್ ಬೇಕು, ಬಸ್‌ಸ್ಟ್ಯಾಂಡಿನ ಎದುರಿನ ಗೋಡೆ ಯಾರಿಗೆ ಸಿಕ್ಕಿತು, ಇಷ್ಟೇ. ಒಮ್ಮೆ ಉಪ್ಪಳದ ಬ್ಯಾರಿಯೊಬ್ಬರು, ಒಳ್ಳೇ ಅಂಗಡಿ, ಅವರ ಅಣ್ಣನಿಗೆ ಗಂಟಲಿನ ಕ್ಯಾನ್ಸರ್ ಆಗಿ "ಇನ್ನು ಈ ಸಾಮಾನು ಇಡುವುದಿಲ್ಲ" ಅಂದುಬಿಟ್ಟರು. ನಾನು ಮೀಟಿಂಗಿನಲ್ಲಿ ಕೇಳಿದೆ, ಇಂಥವರಿಗೆ ಎಂತ ಹೇಳುವುದು ಅಂತ. ಮೇಲಿನಿಂದ ಬಂದಿದ್ದವರು ನಗುತ್ತಾ ಮೂರು ಮಾತು ಹೇಳಿಕೊಟ್ಟರು. ಒಂದು, "ಅದು ಇನ್ನೂ ಸಾಬೀತಾಗಿಲ್ಲ, ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ." ಎರಡು, "ದೊಡ್ಡವರು ತಿಳಿದೇ ಎಳೆಯುವುದು, ಅವರ ಇಷ್ಟ." ಮೂರು, "ಲಕ್ಷಾಂತರ ರೈತರ ಹೊಟ್ಟೆಪಾಡು, ಸರಕಾರಕ್ಕೆ ತೆರಿಗೆ."

ಆ ಮನುಷ್ಯ ಬುದ್ಧಿವಂತ ಅಂದುಕೊಂಡೆ. ಎಷ್ಟೋ ವರ್ಷ ಕಳೆದು, ಮಗ ಮನೆಗೆ ಇಂಟರ್ನೆಟ್ ಹಾಕಿಸಿದ ಮೇಲೆ ಓದುವ ಚಟ ಹತ್ತಿತು. ಆ ಮೂರೂ ಮಾತುಗಳು ಲಂಡನ್, ನ್ಯೂಯಾರ್ಕಿನ ಕಾಗದಗಳಲ್ಲಿ ಇದ್ದದ್ದೇ!

ಆ ಕಾಗದಗಳು ಹೊರಗೆ ಬಂದದ್ದು ಕೋರ್ಟಿನಿಂದ. ಅಮೆರಿಕದ ಮಿನ್ನೆಸೋಟ ರಾಜ್ಯ ಹಾಕಿದ ಕೇಸು 1998ರಲ್ಲಿ ರಾಜಿಯಾಯಿತು, ಕಂಪೆನಿಗಳ ಒಳಗಿನ ಲಕ್ಷಾಂತರ ಪುಟ ಎಲ್ಲರಿಗೂ ಓದಲು ಸಿಕ್ಕಿತು. ಅದರಲ್ಲಿ ಸಿಗುವ ಒಂದು ಕಥೆ ನಿಮ್ಮ ಭಾಷಣಕ್ಕೆ ಸಾಕು. 1977ರ ಜೂನ್‌ನಲ್ಲಿ ಇಂಗ್ಲೆಂಡಿನ ಶಾಕರ್‌ವಿಕ್ ಹೌಸ್ ಎಂಬ ದೊಡ್ಡ ಬಂಗಲೆಯಲ್ಲಿ ಏಳು ಕಂಪೆನಿಗಳ ಯಜಮಾನರು ಗುಟ್ಟಾಗಿ ಸೇರಿದರು. ಫಿಲಿಪ್ ಮಾರಿಸ್, ಬ್ರಿಟಿಷ್ ಅಮೆರಿಕನ್ ಟೊಬ್ಯಾಕೋ, ಆರ್.ಜೆ. ರೆನಾಲ್ಡ್ಸ್, ರೋತ್‌ಮನ್ಸ್, ಎಲ್ಲ ಇದ್ದರು. ಅಂಗಡಿಯಲ್ಲಿ ಒಬ್ಬರ ಪ್ಯಾಕ್ ಇನ್ನೊಬ್ಬರು ಹಿಂದೆ ತಳ್ಳುವಂಥ ಜನ ಇವರು, ಅಂಥವರು ಒಟ್ಟಿಗೆ ಕೂತು ಒಪ್ಪಂದ ಮಾಡಿದರು. ಸಿಗರೇಟಿನಿಂದ ರೋಗ ಬರುತ್ತದೆ ಎಂದು ಯಾರೂ ತಾವಾಗಿ ಒಪ್ಪಬಾರದು, ಅದು ವಿವಾದದ ವಿಷಯ ಎಂದೇ ಹೇಳುತ್ತಿರಬೇಕು. ಒಂದು ದೇಶದಲ್ಲಿ ಒಪ್ಪಿದರೆ ಉಳಿದ ಕಡೆಯೂ ಸಾಲಾಗಿ ಒಪ್ಪಬೇಕಾದೀತು ಎಂಬ ಹೆದರಿಕೆ. ಅದಕ್ಕೆ ಆಪರೇಷನ್ ಬರ್ಕ್‌ಶೈರ್ ಅಂತ ಹೆಸರು. ಆಗ ಹುಟ್ಟಿದ ಕೂಟವೇ ಮುಂದೆ ಇನ್‌ಫೋಟ್ಯಾಬ್ ಆಯಿತು.

ಇನ್ನು ಬಡ ದೇಶಗಳ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ತಂಬಾಕಿನ ಮೇಲೆ ಕಣ್ಣು ಹಾಕಿದಾಗ ಇವರು "ಸಿಗರೇಟ್ ಒಳ್ಳೆಯದು" ಅಂತ ವಾದಿಸಲಿಲ್ಲ. "ಇದು ಶ್ರೀಮಂತ ದೇಶಗಳ ತಲೆಬಿಸಿ. ಬಡ ದೇಶಕ್ಕೆ ಬೇಕಾದ್ದು ಮಲೇರಿಯಾದ ಮದ್ದು, ಮಕ್ಕಳಿಗೆ ಲಸಿಕೆ. ಆ ದುಡ್ಡನ್ನು ಯಾಕೆ ಇದಕ್ಕೆ ಸುರಿಯುತ್ತೀರಿ?" ಅಂತ ಕೇಳಿಸಿದರು. ಕೇಳಿಸಿದರು ಅಂದೆ, ಗಮನಿಸಿ. ತಾವು ಕೇಳಿದರೆ ಯಾರು ನಂಬುತ್ತಾರೆ? 1984ರಲ್ಲಿ ಶುರುವಾದ ಅಂತರರಾಷ್ಟ್ರೀಯ ತಂಬಾಕು ಬೆಳೆಗಾರರ ಸಂಘವನ್ನು ಮುಂದೆ ಬಿಟ್ಟರು. ಹೊರಗಿನಿಂದ ನೋಡಿದರೆ ರೈತರ ಸಂಘ, ಖರ್ಚು, ತಯಾರಿ ಕಂಪೆನಿಗಳದ್ದು. ವಿದೇಶಿ ಕಂಪೆನಿ ಅಂದರೆ ಸಿಟ್ಟಾಗುವ ದೇಶಗಳೂ ರೈತ ಬಂದರೆ ಬಾಗಿಲು ತೆರೆಯುತ್ತವೆ ಎಂಬ ಲೆಕ್ಕ ಅವರದೇ ಕಾಗದದಲ್ಲಿ ಉಂಟು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ವಿಟ್ಜರ್ಲೆಂಡಿನ ಥಾಮಸ್ ಜೆಲ್ಟ್‌ನರ್ ಅವರ ಸಮಿತಿಯಿಂದ ತನಿಖೆ ಮಾಡಿಸಿ, ಇದನ್ನೆಲ್ಲ ವರದಿಯಲ್ಲಿ ಬಿಡಿಸಿ ಹೇಳಿತು.

ಬದಿಯ ಹೊಗೆಯ, ಅಂದರೆ ಎಳೆಯುವವನ ಪಕ್ಕದಲ್ಲಿದ್ದವರು ಕುಡಿಯುವ ಹೊಗೆಯ, ಪ್ರಶ್ನೆ ಬಂದಾಗಲೂ ಇದೇ ಆಟ. ಒಂದು ಅಮೆರಿಕನ್ ವಕೀಲರ ಸಂಸ್ಥೆಯ ಮೂಲಕ ಏಷ್ಯಾದ ವಿಜ್ಞಾನಿಗಳನ್ನು ಸಲಹೆಗಾರರೆಂದು ಗೊತ್ತುಮಾಡಿಕೊಂಡರು. ಮನೆಯೊಳಗಿನ ಗಾಳಿ ಕೆಡಲು ಬೇರೆ ನೂರು ಕಾರಣ ಉಂಟು ಎಂದು ಮಾತು ತಿರುಗಿಸುವುದು ಅವರ ಕೆಲಸ. ಒಲೆಯ ಹೊಗೆ ಕೆಟ್ಟದೇ, ಸುಳ್ಳಲ್ಲ. ಆದರೆ ಆ ಮಾತು ಯಾರ ದುಡ್ಡಿನಲ್ಲಿ ಬಂತು, ಅದನ್ನೂ ಹೇಳಬೇಕಲ್ವಾ?

ನಮ್ಮ ದೇಶದ ಕಾನೂನನ್ನೂ ನೋಡಿ. 1975ರ ಕಾಯಿದೆ ಪ್ಯಾಕಿನ ಮೇಲೆ ಎಚ್ಚರಿಕೆ ಹಾಕಿಸಿತು. ಪ್ಯಾಕ್ ಇಂಗ್ಲಿಷಿನಲ್ಲಿದ್ದರೆ ಎಚ್ಚರಿಕೆಯೂ ಇಂಗ್ಲಿಷಿನಲ್ಲೇ. ಅದೂ ಒಂದು ಸಣ್ಣ ಸಾಲು. ನನ್ನ ಲೈನಿನಲ್ಲಿ ಪ್ಯಾಕ್ ತೆಗೆಯುವವರು ಎಷ್ಟು ಜನ? ಒಂದು ಸಿಗರೇಟ್ ಕೊಡಿ ಅನ್ನುವವರೇ ಜಾಸ್ತಿ. ಅಂಗಡಿಯವ ಒಂದನ್ನು ತೆಗೆದು ಕೊಡ್ತಾನೆ, ಗಿರಾಕಿ ಕಂಬಕ್ಕೆ ಕಟ್ಟಿದ ನಾರಿನ ಹಗ್ಗದ ಕೆಂಡಕ್ಕೆ ಹಚ್ಚಿಕೊಂಡು ಹೋಗ್ತಾನೆ. ಎಚ್ಚರಿಕೆ ಅಂಗಡಿಯವನ ಡಬ್ಬಿಯಲ್ಲೇ ಉಳಿಯಿತು. 1996ರ ಕ್ರಿಕೆಟ್ ವಿಶ್ವಕಪ್ಪಿಗೆ ವಿಲ್ಸ್ ಹೆಸರೇ ಇತ್ತು, ಟಿವಿಯಲ್ಲಿ ಆ ಹೆಸರಿಗೆ ಯಾವ ಎಚ್ಚರಿಕೆಯೂ ಇರಲಿಲ್ಲ. ಜಾಹೀರಾತು ನಿಂತದ್ದು 2003ರ ಕಾಯಿದೆ ಬಂದು, 2004ರ ಮೇ ನಂತರ. ಚಿತ್ರದ ಎಚ್ಚರಿಕೆ ಬಂದದ್ದು 2009ರಲ್ಲಿ.

ಸೋಗಿನ ಒಳ್ಳೆಯತನವೂ ಇತ್ತು. ತೊಂಬತ್ತರ ದಶಕದಲ್ಲಿ ಎಷ್ಟೋ ದೇಶಗಳಲ್ಲಿ ಕಂಪೆನಿಗಳೇ "ಮಕ್ಕಳು ಸಿಗರೇಟ್ ಎಳೆಯಬಾರದು" ಎಂಬ ಕಾರ್ಯಕ್ರಮ ನಡೆಸಿದವು. ಗಟ್ಟಿ ಕಾನೂನು ಬರದಂತೆ ತಡೆಯುವ ಉಪಾಯ ಅದು. ಹದಿನಾರರ ಹುಡುಗನಿಗೆ "ಇದು ದೊಡ್ಡವರಿಗೆ ಮಾತ್ರ" ಅಂದರೆ ಅವನು ಎಂತ ಮಾಡ್ತಾನೆ ಅಂತ ಮನೆಯಲ್ಲಿ ಹುಡುಗರಿರುವ ಎಲ್ಲರಿಗೂ ಗೊತ್ತು.

ಮುಳ್ಳೇರಿಯದ ಕೃಷಿಕ:

ಸೇಲ್ಸ್‌ಮ್ಯಾನ್ ಅಣ್ಣ ಚೆಂದ ಬರೆದಿದ್ದಾರೆ. ಆದರೆ ಒಂದು ತಕರಾರು. ರೈತರ ಹೊಟ್ಟೆಪಾಡು ಅಂದ ಕೂಡಲೇ ಅದು ಕಂಪೆನಿ ಹೇಳಿಸಿದ ಮಾತು ಅಂತ ತಳ್ಳಿಹಾಕಬೇಡಿ ಮಾರಾಯ್ರೇ. 2016ರಲ್ಲಿ ದೆಹಲಿಯ ಹತ್ತಿರ ಗ್ರೇಟರ್ ನೋಯ್ಡಾದಲ್ಲಿ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಸಭೆ ಆದಾಗ ಬೆಳೆಗಾರರು ಪ್ರತಿಭಟನೆ ಮಾಡಿದರು. ಅವರಲ್ಲಿ ಸಾಲ ಇದ್ದವರೂ ಇದ್ದಿರಬೇಕಲ್ಲ? ನಾನು ಅಡಿಕೆಯವನು. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೇ, ಹೊಗೆಸೊಪ್ಪು ಇಲ್ಲದಿದ್ದರೂ, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಹಾಕಿತು. ನಾಳೆ ನಾವು ಬೊಬ್ಬೆ ಹೊಡೆದರೆ ನಮ್ಮನ್ನೂ ಯಾರೋ ಮುಂದೆ ಬಿಟ್ಟದ್ದು ಅಂತ ಹೇಳ್ತೀರಾ?

ಹಳೇ ಸೇಲ್ಸ್‌ಮ್ಯಾನ್, ಕುಂಬಳೆ:

ಇಲ್ಲ, ಭಾವ. ಹೊಟ್ಟೆಪಾಡು ನಿಜ. ನಿಜ ಆದ್ದರಿಂದಲೇ ಅವರಿಗೆ ಅದು ಉಪಯೋಗಕ್ಕೆ ಬಂತು. ಸುಳ್ಳು ರೈತನನ್ನು ಮುಂದೆ ಬಿಟ್ಟರೆ ಎರಡು ದಿನದಲ್ಲಿ ಗೊತ್ತಾಗುತ್ತದೆ. ನಾನು ಕೇಳುವುದು ಇಷ್ಟು: ಸಭೆಯಲ್ಲಿ ರೈತನ ಹೆಸರು ಹೇಳುವವರು ಎಲೆಯ ರೇಟಿನ ಮಾತು ಬಂದಾಗ ರೈತನ ಪಕ್ಕದಲ್ಲಿ ನಿಲ್ಲುತ್ತಾರಾ? ಹೊಗೆಸೊಪ್ಪು ನಮ್ಮ ಜಿಲ್ಲೆಯದೇ ಬೆಳೆ. ಬೇಕಲದ ಹತ್ತಿರ ಪಳ್ಳಿಕ್ಕೆರೆ, ಅಜಾನೂರಿನ ಹೊಯ್ಗೆ ಗದ್ದೆಗಳಲ್ಲಿ ಬೆಳೆಯುತ್ತಿದ್ದರು, ಎಲೆಯಡಿಕೆಗೆ ತೆಂಕು–ಬಡಗು ಎರಡೂ ಕಡೆ ಹೋಗುತ್ತಿತ್ತು. ಈಗ ಹಿಂದಿನಷ್ಟಿಲ್ಲ. ಅವರು ಬೆಳೆ ಬಿಡುವಾಗ ಯಾವ ಕಂಪೆನಿಯೂ ಬಂದು ಕಣ್ಣೀರು ಹಾಕಿದ್ದು ನಾನು ನೋಡಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದಕ್ಕೆ ಭಾರತ 2004ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ 17ನೇ ವಿಧಿ ಬೆಳೆಗಾರರಿಗೆ, ಕಾರ್ಮಿಕರಿಗೆ ಬೇರೆ ದಾರಿ ಮಾಡಿಕೊಡಿ ಅನ್ನುತ್ತದೆ. ಅದನ್ನು ಹಿಡಿದುಕೊಂಡು ಸರಕಾರವನ್ನು ಕೇಳಿ, ನಾನೂ ಬರ್ತೇನೆ. ಅಡಿಕೆಗೂ ಹಾಗೆಯೇ. "ಸಾಬೀತಾಗಿಲ್ಲ" ಎಂಬ ಮಾತು ಮಾತ್ರ ಬೇಡ, ಅದು ನನ್ನ ಹಳೇ ಮೀಟಿಂಗಿನ ಮಾತು.

ಮೀಂಜದ ಬೀಡಿ ಅಕ್ಕ:

ಮಗಾ, ಭಾಷಣದಲ್ಲಿ ಬೀಡಿ ಕಟ್ಟುವವರನ್ನು ಬೈಯಬೇಡ, ಅಷ್ಟು ಮಾಡು. ನಾವು ಕಾಸರಗೋಡಿನಲ್ಲಿ ಕೂತು ಮಂಗಳೂರಿನ ಕಡೆಯ ಕಂಪೆನಿಗೆ ಕಟ್ಟುವವರು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತರುವುದು, ರಾತ್ರಿ ಎಲೆ ನೆನೆಸಿ ಕತ್ತರಿಸುವುದು, ಮಡಿಲಲ್ಲಿ ತಡ್ಪೆ (ಮೊರ) ಇಟ್ಟು ಕಟ್ಟುವುದು. ಸಾವಿರಕ್ಕೆ ಮಜೂರಿ. ಬ್ರಾಂಚಿನವ ಚೆನ್ನಾಗಿಲ್ಲ ಅಂತ ಬದಿಗಿಟ್ಟ ಬೀಡಿಗೆ ದುಡ್ಡಿಲ್ಲ, ಆದರೆ ಆ ಬೀಡಿ ವಾಪಸೂ ಬರುವುದಿಲ್ಲ! ಎಳೆಯುವವನಿಗೆ ಕಟ್ಟಿನ ಮೇಲೆ ಚಿತ್ರ ಹಾಕಿ ಎಚ್ಚರಿಸುತ್ತಾರೆ. ದಿನವಿಡೀ ಹೊಗೆಸೊಪ್ಪಿನ ಧೂಳು ಕುಡಿಯುವ ನಮಗೆ ಯಾವ ಚಿತ್ರವೂ ಇಲ್ಲ. ಬೀಡಿಯ ಮೇಲೆ ತೆರಿಗೆ ಏರಿಸುವ ಮಾತು ಬಂದಾಗ ಮಾತ್ರ ನಮ್ಮ ಫೋಟೋ ಪೇಪರಿನಲ್ಲಿ ಬರುತ್ತದೆ. ಪಿ.ಎಫ್. ಕೇಳಲು ಹೋದ ದಿನ ಬರುವುದಿಲ್ಲ.

ಕಣ್ಣೂರಿನ ದಿನೇಶ್ ಬೀಡಿ ಸಹಕಾರ ಸಂಘ ಗೊತ್ತಲ್ವಾ? ಮಂಗಳೂರಿನ ಕಂಪೆನಿ ಬಾಗಿಲು ಹಾಕಿದಾಗ ಕಾರ್ಮಿಕರು ಸೇರಿ 1969ರಲ್ಲಿ ಕಟ್ಟಿದ್ದು. ಬೀಡಿಗೆ ಗಿರಾಕಿ ಕಮ್ಮಿಯಾದ ಮೇಲೆ ಅವರು ಕೊಡೆ, ಮಸಾಲೆಪುಡಿ ಮಾಡಲು ಹೊರಟರು. ಬೇರೆ ದಾರಿ ಇಲ್ಲ ಅಂತ ಯಾರಾದರೂ ಹೇಳಿದರೆ ಅದನ್ನು ಹೇಳು.

ಪೆರ್ಲದ ಓದುಗಿ:

ಅಕ್ಕಾ, ಖಂಡಿತ ಹೇಳ್ತೇನೆ. ಸೇಲ್ಸ್‌ಮ್ಯಾನ್ ಅಣ್ಣಾ, ಎರಡು ಸಂಶಯ. ಬೀಡಿಯೇ ಜಾಸ್ತಿ ಎಂಬ ಮಾತು ಸರಿಯಾ? ಮತ್ತೆ ಬಡ ದೇಶಗಳು ತಿರುಗಿಬಿದ್ದು ಗೆದ್ದದ್ದು ಎಲ್ಲಾದರೂ ಉಂಟಾ?

ಹಳೇ ಸೇಲ್ಸ್‌ಮ್ಯಾನ್, ಕುಂಬಳೆ:

ಬೀಡಿ ಜಾಸ್ತಿ, ಸರಿ. 2016–17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ದೊಡ್ಡವರಲ್ಲಿ ಬೀಡಿ ಎಳೆಯುವವರು ಶೇ. 7.7, ಸಿಗರೇಟ್ ಶೇ. 4. ಜಗಿಯುವುದು, ಮೂಸುವುದು ಎಲ್ಲ ಸೇರಿ ಶೇ. 21.4, ಅದೇ ಎಲ್ಲಕ್ಕಿಂತ ಮೇಲೆ. ಆದರೆ ಸಿಗರೇಟಿಗಾಗಿ ತಯಾರಾದ ವಾದವನ್ನೇ ಬೀಡಿಯವರೂ ಗುಟ್ಕಾದವರೂ ಎರವಲು ತಂದರು. 1975ರ ಕಾಯಿದೆಯೇ ಸಿಗರೇಟಿಗೆ ಮಾತ್ರ ಇತ್ತು, ಬೀಡಿಯನ್ನು ಮುಟ್ಟಲೇ ಇಲ್ಲ.

ಗೆದ್ದದ್ದು ಉಂಟು. ಎಂಬತ್ತರ ದಶಕದ ಕೊನೆಗೆ ಅಮೆರಿಕದ ಸರಕಾರವೇ ತನ್ನ ಸಿಗರೇಟಿಗೆ ಬಾಗಿಲು ತೆರೆಯಿರಿ ಎಂದು ಥಾಯ್ಲೆಂಡಿನ ಮೇಲೆ ಒತ್ತಡ ಹಾಕಿತು. 1990ರಲ್ಲಿ ದೇಶ ದೇಶಗಳ ನಡುವಿನ ವ್ಯಾಪಾರ ಒಪ್ಪಂದವಾದ ಗ್ಯಾಟ್‌ನ ತೀರ್ಪು ಬಂತು: ಆಮದು ತಡೆಯುವಂತಿಲ್ಲ, ಆದರೆ ನಮ್ಮದು–ಹೊರಗಿನದು ಅಂತ ಭೇದ ಮಾಡದೆ ಜಾಹೀರಾತು ನಿಷೇಧಿಸಬಹುದು. ಥಾಯ್ಲೆಂಡ್ ಅದನ್ನೇ ಹಿಡಿದು 1992ರಲ್ಲಿ ಗಟ್ಟಿ ಕಾನೂನು ಮಾಡಿತು. ಉರುಗ್ವೆಯ ಮೇಲೆ ಫಿಲಿಪ್ ಮಾರಿಸ್ 2010ರಲ್ಲಿ ಪ್ಯಾಕಿನ ಎಚ್ಚರಿಕೆಯ ವಿರುದ್ಧ ಅಂತರರಾಷ್ಟ್ರೀಯ ಪಂಚಾಯತಿಗೆ ಹೋಯಿತು. 2016ರಲ್ಲಿ ಉರುಗ್ವೆ ಗೆದ್ದಿತು. ನಮ್ಮ ಕೇರಳದ ಹೈಕೋರ್ಟೂ 1999ರಲ್ಲೇ ಸಾರ್ವಜನಿಕ ಸ್ಥಳದಲ್ಲಿ ಎಳೆಯುವುದನ್ನು ನಿಷೇಧಿಸಿದೆ, ದೇಶದ ಕಾನೂನಿಗಿಂತ ಮೊದಲು.

ಹತ್ತು ನಿಮಿಷದಲ್ಲಿ ಇಷ್ಟೆಲ್ಲ ಹಿಡಿಯುವುದಿಲ್ಲ. ಥಾಯ್ಲೆಂಡ್ ಬಿಡಿ, ಬಂಗಲೆಯ ಕಥೆ ಹೇಳಿ. ಮೂಲ ಕಾಗದ ನೋಡಬೇಕಾದರೆ ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದವರು ಎಲ್ಲವನ್ನೂ ಪುಕ್ಕಟೆ ಇಟ್ಟಿದ್ದಾರೆ. ಇನ್‌ಫೋಟ್ಯಾಬ್ ಅಂತ ಹಾಕಿ ಹುಡುಕಿ. ಮೊಬೈಲಿನಲ್ಲಿ ಕಣ್ಣು ನೋಯುತ್ತದೆ, ವಾಚನಾಲಯದ ಕಂಪ್ಯೂಟರಿನಲ್ಲಿ ಕೂರಿ.