ಶಿರಾಡಿ ಇಳಿಯುವ ಕಾರಿಗೆ 0-20, 5-30, 5-40: ಯಾವ ಆಯಿಲ್ ಹಾಕಿಸ್ತಿದ್ದೀರಿ?

ಹಾಸನ ವಿದ್ಯಾನಗರ:
ಗೊತ್ತಿರುವವರು ಅನುಭವ ಹೇಳಿ. 2019ರ ಪೆಟ್ರೋಲ್ ಕಾರು, 1.2 ಲೀಟರ್ ಇಂಜಿನ್, 78,000 ಕಿ.ಮೀ. ಆಗಿದೆ. ಮ್ಯಾನುಯಲ್‌ನಲ್ಲಿ ಇಂಜಿನ್ ಆಯಿಲ್ ಗ್ರೇಡ್ (ಎಷ್ಟು ತೆಳು, ಎಷ್ಟು ದಪ್ಪ ಅನ್ನುವ ನಂಬರು) 0ಡಬ್ಲ್ಯೂ-20 ಮೊದಲು ಬರೆದಿದ್ದಾರೆ, 5ಡಬ್ಲ್ಯೂ-30 ಕೂಡ ಆಗುತ್ತದೆ ಅಂತಿದೆ. ಇಷ್ಟು ದಿನ 0-20 ಸಿಂಥೆಟಿಕ್ಕೇ. ಈ ಸಲ ಗ್ಯಾರೇಜಿನವರು "ಗಾಡಿ ಹಳೇದಾಯ್ತು, 5-40 ಹಾಕೋಣ" ಅಂತಾರೆ. ದಿನಾ ಆಫೀಸಿಗೆ ನಾಲ್ಕು ಕಿ.ಮೀ., ತಿಂಗಳಿಗೊಮ್ಮೆ ಶಿರಾಡಿ ಘಾಟಿ ಇಳಿದು ಮಂಗಳೂರು. ಯಾವುದು ಹಾಕಿಸಲಿ?

ಮೂಡಿಗೆರೆ ತೋಟ:
ದಪ್ಪ ಆಯಿಲ್ ಕಡೆ ಹೋಗಲೇಬೇಡಿ. ನನ್ನದು 2014ರ 1.3 ಡೀಸೆಲ್. ನಮ್ಮಪ್ಪ ಜೀಪಿಗೆ ಹಾಕುತ್ತಿದ್ದರು ಅಂತ ನಾನೂ 15-40 ಮಿನರಲ್ ಹಾಕಿಸಿದೆ. ಡಿಸೆಂಬರ್ ತಿಂಗಳು, ಹಣ್ಣು ಕೊಯ್ಲು ಜೋರಾಗಿತ್ತು. ಬೆಳಗ್ಗೆ ಆರಕ್ಕೆ ಸ್ಟಾರ್ಟ್ ಮಾಡಿ ಹಾಗೇ ತೋಟದ ಏರು ಹತ್ತಿಸಿಬಿಡುತ್ತಿದ್ದೆ. ಒಂದು ದಿನ ಸೈರನ್ ತರಹ ಶಬ್ದ ಶುರುವಾಯಿತು. ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ಹಿಂದೆ ಪೂರ್ತಿ ನೀಲಿ ಹೊಗೆ, ಪಿಕಪ್ ಇಲ್ಲ. ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಹೋಗಿತ್ತು.

ಲೆಕ್ಕ ಇನ್ನೂ ಡೈರಿಯಲ್ಲಿದೆ. ಎಳೆದು ತಂದಿದ್ದಕ್ಕೆ 4,500. ಟರ್ಬೊ 31,000. ಪೈಪು, ಗ್ಯಾಸ್ಕೆಟ್ 2,850. ಆಯಿಲ್, ಫಿಲ್ಟರ್ 2,400. ಲೇಬರ್ 6,000. ಒಟ್ಟು 46,750. ಗಾಡಿ 11 ದಿನ ಗ್ಯಾರೇಜಲ್ಲಿ, ಅಷ್ಟೂ ದಿನ ಬಾಡಿಗೆ ಗಾಡಿಗೆ ದಿನಕ್ಕೆ 1,800ರಂತೆ 19,800. ಅರವತ್ತಾರು ಸಾವಿರದ ಐನೂರ ಐವತ್ತು ರೂಪಾಯಿ ನೀರಿಗೆ ಹಾಕಿದ ಹಾಗೆ ಆಯಿತು. ಆ ವರ್ಷ ಶೆಡ್ಡಿನ ಶೀಟು ಬದಲಾಯಿಸಬೇಕು ಅಂತ ಇಟ್ಟಿದ್ದ ದುಡ್ಡು ಅದು. ಟರ್ಬೊಗೆ ಆಯಿಲ್ ಹೋಗುವ ಪೈಪು ಸಣ್ಣದು. ಚಳಿಯಲ್ಲಿ ದಪ್ಪ ಆಯಿಲ್ ಅಲ್ಲಿಗೆ ಮುಟ್ಟುವುದೇ ತಡ. ಅವತ್ತಿನಿಂದ 5-30 ಸಿಂಥೆಟಿಕ್ ಬಿಟ್ಟು ಬೇರೆ ಮುಟ್ಟಿಲ್ಲ.

ಕೈಮರ ಟ್ಯಾಕ್ಸಿ:
ಅಣ್ಣ, ಎಲ್ಲ ಹೇಳಿದ್ರಿ, ಆ ಆಯಿಲ್ ಎಷ್ಟು ಕಿ.ಮೀ. ಓಡಿತ್ತು ಅಂತ ಹೇಳಲೇ ಇಲ್ಲ.

ನನ್ನದು ಪೆಟ್ರೋಲ್, 1,62,000 ಓಡಿದೆ. ವಾರಕ್ಕೆ ನಾಲ್ಕೈದು ಸಲ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ. ಗಾಡಿ ತುಂಬ ಜನ, ಫಸ್ಟು ಸೆಕೆಂಡು ಬಿಟ್ಟು ಮೂರನೇ ಗೇರ್ ಹಾಕಲು ಆಗುವುದಿಲ್ಲ. 0-20 ಇದ್ದಾಗ 1,800 ಕಿ.ಮೀ.ಗೆ ಒಂದು ಲೀಟರ್ ಕುಡಿಯುತ್ತಿತ್ತು. ಕೆಳಗೆ ಒಂದು ಹನಿ ಇಲ್ಲ, ಎಲ್ಲ ಒಳಗೇ ಸುಡುತ್ತಿತ್ತು. ಒಂದು ದಿನ ಬೆಟ್ಟದ ತಿರುವಿನಲ್ಲಿ ಆಯಿಲ್ ಲೈಟ್ ಮಿಣುಕಿತು. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳಿದ್ದರು. ನನ್ನ ಕೈಕಾಲು ತಣ್ಣಗಾಯಿತು. ಗಾಡಿ ನಿಲ್ಲಿಸಿ, ಡಿಕ್ಕಿಯಲ್ಲಿದ್ದ ಡಬ್ಬ ಸುರಿದ ಮೇಲೇ ಮುಂದೆ ಹೋಗಿದ್ದು.

ಆಯಿಲ್ ಮೇಲೆ ಹೋಗಿ ಸುಡದಂತೆ ತಡೆಯುವ ಪಿಸ್ಟನ್ ರಿಂಗ್ ಹೊಸದು ಹಾಕಿಸಲು 52,000 ಕೇಳಿದರು. ಅಷ್ಟು ದುಡ್ಡು ಎಲ್ಲಿಂದ ತರಲಿ? 5-40 ಹಾಕಿಸಿದೆ. ಈಗ 4,200ಕ್ಕೆ ಒಂದು ಲೀಟರ್. ನಾನು ತಿಂಗಳಿಗೆ 3,600 ಓಡಿಸುತ್ತೇನೆ, ಟಾಪ್‌ಅಪ್ ಆಯಿಲ್ ಲೀಟರಿಗೆ 640. ಮೊದಲು ತಿಂಗಳಿಗೆ 1,280 ಆಗುತ್ತಿತ್ತು, ಈಗ ಐನೂರೈವತ್ತು. ಮೈಲೇಜ್ 17.2ರಿಂದ 16.6ಕ್ಕೆ ಇಳಿದಿದೆ, ಅದನ್ನೂ ಮುಚ್ಚಿಡಲ್ಲ. ನಮ್ಮ ಬೆಟ್ಟಕ್ಕೆ 40 ಇರಬೇಕು.

ಮೂಡಿಗೆರೆ ತೋಟ:
ಆಯಿಲ್ 14,000 ಓಡಿತ್ತು. ಕೊಯ್ಲಿನ ಹೊತ್ತಿನಲ್ಲಿ ಗ್ಯಾರೇಜಿಗೆ ಯಾರು ಹೋಗ್ತಾರೆ? ಆದರೂ ಹಾಳು ಮಾಡಿದ್ದು ಆ ದಪ್ಪ ಆಯಿಲ್ಲೇ.

ಬೇಲೂರು ರೋಡ್ ಮೆಕ್ಯಾನಿಕ್:
22 ವರ್ಷ ಇಂಜಿನ್ ಬಿಚ್ಚಿದ್ದೇನೆ. ತೋಟದವರೇ, ಬೇಜಾರು ಮಾಡ್ಕೋಬೇಡಿ. ನಿಮ್ಮ ಟರ್ಬೊ ತಿಂದಿದ್ದು 15-40 ಅಲ್ಲ, ಆ 14,000. ಏರು ರಸ್ತೆ, ಡೀಸೆಲ್ ಮಸಿ, ಮಿನರಲ್ ಆಯಿಲ್ ಅಷ್ಟು ತಡೆಯುವುದಿಲ್ಲ. ಗ್ರೇಡಿನಲ್ಲಿ ಮೊದಲು ಬರುವ, ಡಬ್ಲ್ಯೂ ಜೊತೆಗಿನ ನಂಬರು ಚಳಿಯದ್ದು. 0ಡಬ್ಲ್ಯೂ ಆಯಿಲನ್ನು ಮೈನಸ್ 35 ಡಿಗ್ರಿಯಲ್ಲಿ ಪರೀಕ್ಷೆ ಮಾಡ್ತಾರೆ, 5ಡಬ್ಲ್ಯೂ ಮೈನಸ್ 30ರಲ್ಲಿ, 15ಡಬ್ಲ್ಯೂ ಮೈನಸ್ 20ರಲ್ಲಿ. ಅಲ್ಲೂ ಇಂಜಿನ್ ತಿರುಗಬೇಕು ಅಂತ ಲೆಕ್ಕ. ಮೂಡಿಗೆರೆಯಲ್ಲಿ ಯಾವತ್ತು ಮೈನಸ್ ಆಗಿದೆ ಹೇಳಿ? ತೆಳು ಆಯಿಲ್ ಬೆಳಗ್ಗೆ ಬೇಗ ಮೇಲೇರುತ್ತದೆ, ನಿಜ. ಅದಕ್ಕೆ ಅರ್ಧ ನಿಮಿಷ ಐಡಲ್ ಬಿಟ್ಟು, ಮೊದಲ ಎರಡು ಕಿ.ಮೀ. ಮೆಲ್ಲಗೆ ಓಡಿಸಿದರೆ ಸಾಕು.

ಕೊನೆಗೆ ಬರುವ ನಂಬರು ಬಿಸಿಯದ್ದು. 100 ಡಿಗ್ರಿಯಲ್ಲಿ 20 ಗ್ರೇಡ್ ಅಂದರೆ 6.9ರಿಂದ 9.3 ಸೆಂಟಿಸ್ಟೋಕ್ಸ್ (ಆಯಿಲ್ ಎಷ್ಟು ದಪ್ಪ ಅಂತ ಅಳೆಯುವ ಲೆಕ್ಕ), 30 ಅಂದರೆ 9.3ರಿಂದ 12.5, 40 ಅಂದರೆ 12.5ರಿಂದ 16.3. ಹಾಗಾಗಿ ಗಟ್ಟಿ 30ಕ್ಕೂ ತೆಳು 40ಕ್ಕೂ ಕೂದಲೆಳೆ ವ್ಯತ್ಯಾಸ. ಮತ್ತೆ ಟ್ಯಾಕ್ಸಿ ಅಣ್ಣ, 5-40 ನಿಮ್ಮ ರಿಂಗ್ ರಿಪೇರಿ ಮಾಡಿಲ್ಲ, ಮುಚ್ಚಿಟ್ಟಿದೆ ಅಷ್ಟೇ. ನಿಮ್ಮದು ಸವೆದ ಇಂಜಿನ್. ಅದನ್ನು ನೋಡಿ 78,000 ಓಡಿದ ಗಾಡಿಗೆ ಹಾಕಿ ಅನ್ನುವುದು ತಪ್ಪು.

ಕೈಮರ ಟ್ಯಾಕ್ಸಿ:
ಸವೆದ ಇಂಜಿನ್ನೇ ನನ್ನ ಮನೆ ನಡೆಸುತ್ತಿರುವುದು ಸ್ವಾಮಿ. 52,000 ನೀವು ಕೊಡ್ತೀರಾ? ಸೆಂಟಿಸ್ಟೋಕ್ಸ್ ಲೆಕ್ಕ ಹೇಳುವುದು ಸುಲಭ, ಹತ್ತು ಸಲ ಬೆಟ್ಟ ಹತ್ತಿ ಇಳಿದು ಬಂದು ಮಾತಾಡಿ.

ಬೇಲೂರು ರೋಡ್ ಮೆಕ್ಯಾನಿಕ್:
ನಿಮಗೆ 40 ಬೇಡ ಅಂತ ನಾನು ಎಲ್ಲಿ ಹೇಳಿದೆ? ಸರಿಯಾಗಿ ಓದಿ.

ಚನ್ನರಾಯಪಟ್ಟಣ ಟೀಚರ್:
ನೀವಿಬ್ಬರೂ ಬೆಟ್ಟ ಬೆಟ್ಟ ಅಂತಿದ್ದೀರಿ. ನನ್ನ ಗಾಡಿ ಕೆಟ್ಟಿದ್ದು ಸಪಾಟು ರಸ್ತೆಯಲ್ಲಿ. ಶಾಲೆಗೆ ಮೂರು ಕಿ.ಮೀ., ವಾಪಸ್ ಮೂರು. ವರ್ಷಕ್ಕೆ ಐದು ಸಾವಿರವೂ ಓಡಲ್ಲ, ಅದಕ್ಕೆ ಎರಡು ವರ್ಷ ಆಯಿಲ್ ಬದಲಾಯಿಸಲಿಲ್ಲ. ಒಂದು ಮಳೆಗಾಲ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಹಾಲು ಹಾಕಿದ ಕಾಫಿ ಬಣ್ಣದ ಕೆನೆ. ಗ್ಯಾರೇಜಿನವರು "ಹೆಡ್ ಗ್ಯಾಸ್ಕೆಟ್ ಹೋಗಿದೆ" ಅಂತ, ಅಂದರೆ ಕೂಲೆಂಟ್ ನೀರು ಆಯಿಲ್‌ಗೆ ಸೇರುತ್ತಿದೆ ಅಂತ ಹೆದರಿಸಿ ಬಿಚ್ಚಿದರು. 14,200 ಬಿಲ್ಲು. ಮುಂದಿನ ಮಳೆಗಾಲ ಮತ್ತೆ ಅದೇ ಕೆನೆ! ಇನ್ನೊಬ್ಬರು ಹೇಳಿದರು: ಕೂಲೆಂಟ್ ಒಂದು ಹನಿ ಕಡಿಮೆಯಾಗಿಲ್ಲ, ಗ್ಯಾಸ್ಕೆಟ್‌ಗೆ ಏನೂ ಆಗಿಲ್ಲ ಮೇಡಂ, ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಮಾಡ್ತೀರಿ, ಒಳಗಿನ ತೇವ ಆವಿಯಾಗುವುದೇ ಇಲ್ಲ ಅಂತ. ಪೆಟ್ರೋಲ್ ಕೂಡ ಸ್ವಲ್ಪ ಆಯಿಲ್‌ಗೆ ಸೇರುತ್ತದಂತೆ. ಆ 14,200 ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಈಗ ಕಿ.ಮೀ. ನೋಡುವುದೇ ಇಲ್ಲ, ಆರು ತಿಂಗಳಿಗೊಮ್ಮೆ ಬದಲಾವಣೆ. ಭಾನುವಾರ ಶ್ರವಣಬೆಳಗೊಳದ ಕಡೆ ಒಂದು ಸುತ್ತು ಓಡಿಸುತ್ತೇನೆ. ಗ್ರೇಡ್ 0-20, ಮ್ಯಾನುಯಲ್‌ನಲ್ಲಿ ಇರುವುದೇ.

ಆಲೂರು ಬಿಎಸ್6:
ಡೀಸೆಲ್‌ನವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. 2020ರ ನಂತರದ ಬಿಎಸ್6 ಗಾಡಿಗೆ ನಂಬರು ಮಾತ್ರ ನೋಡಿ ತರಬೇಡಿ. ಡಬ್ಬದ ಮೇಲೆ ಸಿ2 ಅಥವಾ ಸಿ3 (ಬೂದಿ ಕಡಿಮೆ ಬಿಡುವ ಆಯಿಲ್ ಅನ್ನುವ ಗುರುತು), ಮ್ಯಾನುಯಲ್‌ನಲ್ಲಿ ಏನಿದೆಯೋ ಅದೇ ಇರಬೇಕು. ನನಗೆ 5-30 ಅಂತಲೇ ಹಾಕಿದ್ದರು, ಆದರೆ ಬೂದಿ ಜಾಸ್ತಿ ಬಿಡುವ ಹಳೇ ಥರದ ಆಯಿಲ್. ಎರಡು ಸರ್ವಿಸ್ ಆದ ಮೇಲೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್, ಕಟ್ಟಿಕೊಂಡು ದಾರಿಯಲ್ಲೇ ಲೈಟ್ ಬಂತು. ಕ್ಲೀನಿಂಗ್‌ಗೆ 9,800. ಅದಕ್ಕೇ ಈಗ ಆಯಿಲ್ ನಾನೇ ತೆಗೆದುಕೊಂಡು ಹೋಗುತ್ತೇನೆ.

ಬೇಲೂರು ರೋಡ್ ಮೆಕ್ಯಾನಿಕ್:
ಆಯಿಲ್ ನೀವೇ ತನ್ನಿ, ಆದರೆ ಅಗ್ಗಕ್ಕೆ ಸಿಕ್ಕಿತು ಅಂತ ಸೀಲ್ ಒಡೆದ ಡಬ್ಬ ತಂದು, ನಾಳೆ ಇಂಜಿನ್ ಹೋದರೆ ನಮ್ಮನ್ನು ಕೇಳಬೇಡಿ. ಕಳೆದ ತಿಂಗಳು ಒಬ್ಬರು ತಂದಿದ್ದು ಡಬ್ಬ ಹೊಸದು, ಆಯಿಲ್ ನೀರಿನ ಹಾಗೆ.

ಆಲೂರು ಬಿಎಸ್6:
ಬಿಲ್ ಇಟ್ಟುಕೊಂಡೇ ತರ್ತೀನಿ ಸಾರ್. ಗ್ಯಾರೇಜಲ್ಲಿ ಡ್ರಮ್ಮಿನಿಂದ ಬಗ್ಗಿಸುವಾಗ ನಮಗೆ ಯಾರು ಬಿಲ್ ತೋರಿಸ್ತಾರೆ?

ಚನ್ನರಾಯಪಟ್ಟಣ ಟೀಚರ್:
ಅದು ಸರಿಯಾದ ಪ್ರಶ್ನೆ. ನನ್ನ ಎದುರಿಗೆ ಡಬ್ಬ ಒಡೆಯಿರಿ ಅಂದರೆ ಮುಖ ಗಂಟು ಹಾಕ್ತಾರೆ. ಖಾಲಿ ಡಬ್ಬಕ್ಕೆ ತೂತು ಹೊಡೆಸಿ ಮನೆಗೆ ತರ್ತೀನಿ ನಾನು.

ಬೇಲೂರು ರೋಡ್ ಮೆಕ್ಯಾನಿಕ್:
ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಮೇಡಂ. ನನ್ನಲ್ಲಿ ಗಿರಾಕಿ ಎದುರಿಗೇ ಒಡೆಯುವುದು, ಹಳೇ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್. ಇಪ್ಪತ್ತು ರೂಪಾಯಿ ವಾಷರ್ ಉಳಿಸಲು ಹೋಗಿ ಹನಿ ಹನಿ ಸೋರಿ ಆಯಿಲ್ ಚೇಂಬರ್ ಖಾಲಿಯಾದ ಗಾಡಿ ಎಷ್ಟು ಬಂದಿವೆ ಗೊತ್ತಾ?

ಹಾಸನ ವಿದ್ಯಾನಗರ:
ಎಲ್ಲರಿಗೂ ಥ್ಯಾಂಕ್ಸ್. ನಾನು ಆಯಿಲ್ ಅಳೆಯುವ ಕಡ್ಡಿ ತೆಗೆದು ನೋಡಿದ್ದೇ ಇಲ್ಲ, ಇವತ್ತು ಬೆಳಗ್ಗೆ ನೋಡಿದೆ. ಹಾಕಿಸಿ 8,000 ಓಡಿದೆ, ಎರಡು ಗುರುತಿನ ಮಧ್ಯೆ ಇದೆ. ಹೊಗೆ ಇಲ್ಲ. ಮುಚ್ಚಳದ ಒಳಗೆ ಸ್ವಲ್ಪ ಕೆನೆ ಕಾಣಿಸಿತು, ಕೂಲೆಂಟ್ ಸರಿ ಇದೆ. ಟೀಚರ್ ಬರೆಯದಿದ್ದರೆ ಹೆದರಿಬಿಡುತ್ತಿದ್ದೆ. 5-40 ಬೇಡ ಅಂತ ಹೇಳಿದ್ದೇನೆ, ಶನಿವಾರ 5-30 ಹಾಕಿಸುತ್ತೇನೆ, ವಾಷರ್ ಜೊತೆಗೆ.

ಕೈಮರ ಟ್ಯಾಕ್ಸಿ:
ಹಾಕಿಸಿ. ಮಂಗಳೂರಿಗೆ ಹೋಗಿ ಬಂದ ಮೇಲೆ, ಗಾಡಿ ಸಪಾಟಾದ ಜಾಗದಲ್ಲಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಕಡ್ಡಿ ನೋಡಿ. ಎಷ್ಟು ಇಳಿದಿದೆ ಅಂತ ಇಲ್ಲೇ ಬರೆಯಿರಿ.